ಮಗ್ಗ ನಿಂತಾಗ ಕೇಳಿದ ಹಾಡು

ದೊಡ್ಡಬಳ್ಳಾಪುರ
ಭಾನುವಾರ, 14 ಡಿಸೆಂಬರ್ 2025

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ತ್ಯಾಮಗೊಂಡ್ಲಿನ ನೀರು ಒಗ್ಗಿತೇ? ಪ್ರಮೋದಾ ಚಿಕ್ಕಮ್ಮ ನಿನಗೆ ಕೆಲಸ ಮಾಡಲು ಬಿಡುವುದಿಲ್ಲ, ನೀನು ಕೂತು ತಿನ್ನಲು ಒಪ್ಪುವುದಿಲ್ಲ. ಅಕ್ಕತಂಗಿಯರ ಈ ಜಗಳದಲ್ಲಿ ನಿನ್ನ ಆರೋಗ್ಯ ಚೆನ್ನಾಗಿಯೇ ಇರುತ್ತದೆ ಎಂದು ನಂಬಿದ್ದೇನೆ. ಇನ್ನು ಮೇಲೆ ಫೋನು ಮುಟ್ಟುವುದಿಲ್ಲ ಎಂದು ಆಣೆ ಇಟ್ಟಿದ್ದೀಯಂತೆ. ಅದಕ್ಕೇ ಈ ಕಾಗದ. ಬಿ.ಎ. ಪರೀಕ್ಷೆ ಬರೆದ ಮೇಲೆ ಕೈಯಲ್ಲಿ ಎರಡು ಪುಟ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ ಬರೆದವನನ್ನು ನೆನೆದು ಸುಮ್ಮನಾಗು.

ಮೊದಲು ತಪ್ಪೊಪ್ಪಿಗೆ. ನರಸಿಂಹಯ್ಯನವರ ಏಕೈಕ ಪುತ್ರ ಅಭಿ ಎಂಬ ನಾನು, ಯಾರ ಒತ್ತಾಯವೂ ಇಲ್ಲದೆ, ನೆಟ್ಟಗಿರುವ ಬುದ್ಧಿಯಿಂದ ಹೇಳಿಕೊಳ್ಳುವುದೇನೆಂದರೆ, ನಾನು ಕಳ್ಳ. ಕದ್ದ ಮಾಲು ಹನ್ನೊಂದು ಸೆಕೆಂಡು. ಕದ್ದ ಜಾಗ ನಮ್ಮದೇ ಮಗ್ಗದ ಮನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರಪಡಬೇಡ. ವಿವರವಿಲ್ಲದ ತಪ್ಪೊಪ್ಪಿಗೆಯನ್ನು ಯಾವ ನ್ಯಾಯಾಧೀಶನೂ ಒಪ್ಪುವುದಿಲ್ಲ.

ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳುವುದಿಲ್ಲ. ಅಪ್ಪ ಆ ಗೋಡೆಯ ಮಗ್ಗದಲ್ಲಿ, ನೀನು ಈ ಗೋಡೆಯ ಮಗ್ಗದಲ್ಲಿ. ಅಪ್ಪ ಕತ್ತಿನ ನರ ಉಬ್ಬಿಸಿಕೊಂಡು ತಾವೇ ಕಟ್ಟಿದ ಹಾಡು ಹಾಡುತ್ತಾರೆ. ನೀನು ಅವರ ತುಟಿ ನೋಡಿ ಓದಿಕೊಳ್ಳುತ್ತೀಯ, ಹರಿದ ನೂಲು ಕಟ್ಟುವವಳ ಹಾಗೆ ಬಗ್ಗಿ ನಗುತ್ತೀಯ. ಇಪ್ಪತ್ತೆಂಟು ವರ್ಷ ಹೀಗೇ. ಅಜ್ಜಿ, ಅತ್ತೆ, ಕೂಲಿಯವರು, ಮಧ್ಯೆ ನಾನು, ಇಷ್ಟು ಜನ ತುಂಬಿದ್ದ ಮನೆಯಲ್ಲಿ ಚಿಲಕವಿದ್ದದ್ದು ಬಚ್ಚಲಿಗೊಂದೇ. ನಿಮ್ಮಿಬ್ಬರಿಗೆ ಆ ಸದ್ದೇ ಚಿಲಕವಾಗಿತ್ತು. ಇದು ನನಗೆ ಹೊಳೆದದ್ದು ಈಗ. ಆವತ್ತು ಲಾಳಿಯ ಸದ್ದೂ ಇರಲಿ ಎಂದು, ಮಗ್ಗ ಓಡುವಾಗಲೇ ಹೊಸ ಸೀರೆಯ ವಿಡಿಯೊ ತೆಗೆಯುತ್ತಾ ನಿಂತಿದ್ದೆ. ಕರೆಂಟು ಹೋಯಿತು. ನಾಲ್ಕು ಮಗ್ಗವೂ ಒಮ್ಮೆಲೇ ನಿಂತವು; ಅಪ್ಪನ ಗಂಟಲು ನಿಲ್ಲಲಿಲ್ಲ. ‘ಮಗ್ಗ ನಿಂತ ಮೇಲೆ ಬಾರೆ’ ಎಂಬ ಮೊದಲ ಸಾಲು ಸದ್ದಿನೊಳಗೆ ಅರ್ಧ ಮುಳುಗಿತು. ‘ಮುತ್ತೊಂದು ಬಾಕಿ ಕಣೇ’ ಎಂಬುದು ಇಡೀ ಬೀದಿಗೆ ಕೇಳಿತು.

ಬೀದಿಯವರು ಒಂದು ದಿನ ನಕ್ಕು ಸುಮ್ಮನಾದರು. ಎಲ್ಲರ ಮನೆಯಲ್ಲೂ ಮಗ್ಗ ಇದೆ, ಎಲ್ಲರಿಗೂ ಅಂಥದೊಂದು ಹಾಡಿದೆ. ಮಗ್ಗ ನಿಂತಿತ್ತು, ಮಗ ನಿಲ್ಲಲಿಲ್ಲ. ‘ಪರೀಕ್ಷೆಯ ಫಲಿತಾಂಶ ಇಲ್ಲಿ ನೋಡಿ’ ಎಂದು ಬರೆದು ಗೆಳೆಯ ಸಂತೋಷನಿಗೆ ಲಿಂಕು ಕಳಿಸಿದೆ. ಒತ್ತಿದರೆ ಮಗ್ಗದ ಸದ್ದು, ಆಮೇಲೆ ಮೌನ, ಆಮೇಲೆ ಮುತ್ತು. ಅವನು ಹತ್ತು ಜನರಿಗೆ ಟೋಪಿ ಹಾಕಿದ, ಅವರು ನೂರು ಜನರಿಗೆ. ತಿಂಗಳೊಳಗೆ ಬಸ್ಸಿನ ವೇಳಾಪಟ್ಟಿ, ಮದುವೆಯ ಕರೆಯೋಲೆ, ರೇಷನ್ ಕಾರ್ಡಿನ ಅರ್ಜಿ, ಏನನ್ನು ಒತ್ತಿದರೂ ಅಪ್ಪ ಮುತ್ತು ಕೇಳುತ್ತಿದ್ದರು. ಹೊಸಕೋಟೆಯ ಕ್ರಿಕೆಟ್ ಪಂದ್ಯದಲ್ಲಿ ವಿಕೆಟ್ ಬಿದ್ದಾಗಲೆಲ್ಲ ಡಿಜೆಯವನು ಅದನ್ನೇ ಹಾಕಿದ. ಒಂದು ಸುದ್ದಿವಾಹಿನಿ, ಮೈಕು ಕೆಟ್ಟು ಬಾಯಿ ಮಾತ್ರ ಆಡಿಸುತ್ತಿದ್ದ ನಾಯಕರೊಬ್ಬರಿಗೆ ಅಪ್ಪನ ದನಿ ಜೋಡಿಸಿ ಮೂರು ದಿನ ತಿರುಗಿಸಿತು. ಆಚೆಮನೆ ನರಸಮ್ಮನವರ ಟಿ.ವಿ.ಯಲ್ಲಿ ಅದನ್ನು ಕೇಳಿ ಅಪ್ಪ ನಿನಗೆ, “ನನ್ ದನಿ ಥರಾನೇ ಐತಲ್ಲೇ” ಎಂದರು. ನೀನು, “ಹೋಗ್ರೀ, ನಿಮ್ದೆಲ್ಲಿ ಅಷ್ಟ್ ಚೆನ್ನಾಗೈತೆ” ಎಂದೆ. ಇಬ್ಬರಿಗೂ ಗೊತ್ತಿತ್ತು. ವಿಡಿಯೊದಲ್ಲಿ ಕಾಣುತ್ತಿದ್ದದ್ದು ಸೀರೆ ಮಾತ್ರ. ಮುಖವೂ ಹೆಸರೂ ಹೊರಬೀಳುವ ತನಕ ತಡೆದುಕೊಂಡಿದ್ದಿರಿ.

ಆಮೇಲೆ ನೇಕಾರರ ಸಂಘದ ಸನ್ಮಾನ ಬಂತು. ಹಿರಿಯ ದಂಪತಿ ಎಂದು ನಿಮ್ಮಿಬ್ಬರಿಗೂ ಶಾಲು. ಪ್ರಾರ್ಥನೆಗೆಂದು ಸಭೆಯೆಲ್ಲ ಕೈಮುಗಿದು ಎದ್ದು ನಿಂತಾಗ, ಯಾವ ಕಿಲಾಡಿ ಏನು ಬದಲಿಸಿದನೋ, ಸ್ಪೀಕರಿನಲ್ಲಿ ಮಗ್ಗ ಓಡಿತು. ನಿಂತಿತು. ಇನ್ನೂರು ಜನರ ಮುಂದೆ ಅಪ್ಪ ನಿನ್ನನ್ನು ಕರೆದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನೀವಿಬ್ಬರೂ ವೇದಿಕೆಯ ಮೇಲೆ ಕಾಲು ನೋಡುತ್ತಾ ನಿಂತಿದ್ದಿರಿ. ಆಗಲಾದರೂ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸನ್ಮಾನದ ವರದಿಗೆ ಬಂದಿದ್ದ ಟಿ.ವಿ.ಯವರು ಇದನ್ನು ಮೊದಲು ಮಾಡಿದ್ದು ಯಾರು ಗೊತ್ತೇ ಎಂದು ಸಭೆಯನ್ನು ಕೇಳಿದರು. ನಾನು ಕುರ್ಚಿಗಳನ್ನು ತಳ್ಳಿಕೊಂಡು ಮುಂದೆ ಹೋದೆ. “ನಂದೇ ಸಾರ್. ಹಾಡಿರೋದು ನಮ್ಮಪ್ಪ, ಅಗೋ ಅಲ್ಲವ್ರೆ. ಕರ್ದಿರೋದು ನಮ್ಮಮ್ಮನ್ನ. ಮಗ್ಗದ ಮನೇಲಿ ನಾವು ತುಟೀಲೇ ಮಾತಾಡೋದು ಸಾರ್. ನಂಗೆ ಅಆಇಈಗಿಂತ ಮುಂಚೆ ತುಟಿ ಓದಕ್ಕೆ ಬಂತು.”

ಅವರು ಮೈಕು ನಿನ್ನ ಮುಂದೆ ಹಿಡಿದು, “ಬಾಕಿ ತೀರ್ತಾ ಅಮ್ಮಾ?” ಎಂದರು. ನೀನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಆ ಸೆರಗನ್ನು ಇವತ್ತಿಗೆ ಹನ್ನೆರಡು ಲಕ್ಷ ಜನ ನೋಡಿದ್ದಾರೆ. ಮನೆಗೆ ಬರುವಾಗ ಆಟೋದಲ್ಲಿ ನೀನು ಹೇಳಿದ್ದು ಒಂದೇ ಮಾತು: “ಇಷ್ಟ್ ವರ್ಷ ಅದು ನಂದೊಬ್ಬಳ್ದಾಗಿತ್ತು ಕಣೋ.” ಬೆಳಿಗ್ಗೆ ಎದ್ದರೆ ನಿನ್ನ ಚೀಲವೂ ಇರಲಿಲ್ಲ, ನೀನೂ ಇರಲಿಲ್ಲ.

ಇನ್ನು ಊರಿನ ಸಮಾಚಾರ. ನನ್ನ ವಿಡಿಯೊ ಅಳಿಸಿದೆ; ಊರವರ ಫೋನಿನಲ್ಲಿರುವುದನ್ನು ಅಳಿಸಲು ನನ್ನ ಕೈಯಲ್ಲಿ ಆಗುವುದಿಲ್ಲ. ಕ್ಷಮೆ ಕೇಳಿ ಇನ್ನೊಂದು ವಿಡಿಯೊ ಹಾಕಿದೆ. ಅದರ ಕೊನೆಗೂ ಯಾರೋ ಅಪ್ಪನ ಮುತ್ತು ಅಂಟಿಸಿದರು. ನನ್ನ ಪಶ್ಚಾತ್ತಾಪಕ್ಕೆ ಈಗ ನನ್ನ ತಪ್ಪಿಗಿಂತ ಹೆಚ್ಚು ವೀಕ್ಷಕರಿದ್ದಾರೆ. ನಮ್ಮ ಬೀದಿಯಲ್ಲಿ ಮಗ್ಗದ ಮನೆಗೆ ಫೋನು ತರುವಂತಿಲ್ಲ ಎಂದು ತೀರ್ಮಾನವಾಗಿದೆ. ಆದರೂ ಯಾರೂ ಹಾಡುತ್ತಿಲ್ಲ. ನರಸಮ್ಮನವರ ಯಜಮಾನರು ಕೂಡ ಬಾಯಿಗೆ ಎಲೆಯಡಿಕೆ ತುಂಬಿಕೊಂಡೇ ಮಗ್ಗಕ್ಕೆ ನಿಲ್ಲುತ್ತಾರೆ.

ಅಪ್ಪನ ಬಗ್ಗೆ ಚಿಂತೆ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ. ಹಾಡುವುದಿಲ್ಲ. ನಿನ್ನ ಮಗ್ಗವನ್ನು ಬೇರೆಯವರಿಗೆ ಕೊಟ್ಟಿಲ್ಲ, ದಿನಾ ತಾವೇ ಧೂಳು ಒರೆಸುತ್ತಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನಾದರೂ ಬೇಕಾದರೆ ಮಗ್ಗ ಓಡುವಾಗ ತುಟಿಯಲ್ಲೇ ಹೇಳುತ್ತಾರೆ. ಆ ವಿದ್ಯೆಯಲ್ಲಿ ನಾನು ಪಂಡಿತನಾದ್ದರಿಂದ ಸಂಸಾರ ಸುಸೂತ್ರವಾಗಿ ಸಾಗಿದೆ. ನಿನ್ನ ಜಾಗ ಖಾಲಿ ಎನ್ನಿಸದ ಹಾಗೆ ನೋಡಿಕೊಂಡಿದ್ದೇನೆ. ನಿನಗೆ ಮನಸ್ಸಾದಾಗ ಬಾ, ಅವಸರವೇನಿಲ್ಲ.

ಚಿಕ್ಕಮ್ಮನಿಗೂ ಚಿಕ್ಕಪ್ಪನಿಗೂ ನನ್ನ ನಮಸ್ಕಾರ. ನಿನ್ನ ಕಾಲಿಗೆ ಬೀಳುವ ಕೆಲಸವನ್ನು ಕಾಗದದಲ್ಲಿ ಮುಗಿಸುವುದು ಸುಲಭ, ಆದರೂ ಬಿದ್ದಿದ್ದೇನೆ ಎಂದುಕೋ.

ನಿನ್ನ ಮಗ,
ಅಭಿ

ತಾ.ಕ.: ಅವಸರವಿಲ್ಲ ಎಂದದ್ದು ಸುಳ್ಳು. ಅದಕ್ಕೇ ಅಂಚೆಗೆ ಹಾಕದೆ, ನಾಳೆ ಬೆಳಗಿನ ಬಸ್ಸಿಗೆ ಸಂತೋಷನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೋದ ಸೋಮವಾರ ಮಗ್ಗ ಓಡುವಾಗ ಅಪ್ಪ ನಿನ್ನ ಮಗ್ಗದ ಕಡೆ ಕೈ ತೋರಿಸಿ ನನ್ನನ್ನು ಏನೋ ಕೇಳಿದರು. ಎರಡು ಸಲ ಕೇಳಿದರು. ನಾನು ಹೂಂ ಎಂದು ತಲೆಯಾಡಿಸಿದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ನಿನ್ನೆ ಇಬ್ಬರು ಬಂದು ನಿನ್ನ ಮಗ್ಗದ ಅಳತೆ ತೆಗೆದುಕೊಂಡು ಹೋದರು. ಗುರುವಾರ ಬಿಚ್ಚಿ ಒಯ್ಯುತ್ತಾರಂತೆ. ಅಪ್ಪ ಕೇಳಿದ್ದು ‘ಅವಳು ಇನ್ನು ಬರಲ್ವಾ’ ಎಂದಿರಬೇಕು. ನಿಜ ಹೇಳೋಣವೆಂದು ಎರಡು ಸಲ ಅವರ ಮುಂದೆ ಹೋಗಿ ನಿಂತೆ, ಹೇಳಲಾಗಲಿಲ್ಲ. ಬುಧವಾರದೊಳಗೆ ಬಂದುಬಿಡಮ್ಮಾ. ನನಗೆ ತುಟಿ ಓದಲು ಬರುವುದಿಲ್ಲ. ಯಾವತ್ತೂ ಬಂದಿಲ್ಲ.