ಅಪಾಯದ ಕಾರಣ

ಮಿಲ್ವಾಕಿ, ಅಕ್ಟೋಬರ್ 14, ಮಂಗಳವಾರ

ಆ ಎರಡು ಪದ ಇನ್ನೂ ಕಣ್ಣ ಮುಂದೆಯೇ ಇವೆ. ಇವತ್ತು ಆಸ್ಪತ್ರೆಯಲ್ಲಿ, ಅಕ್ಕ ವರ್ಲೀನಳ ಬಸಿರಿನ ತಪಾಸಣೆಯ ಕಾಗದದಲ್ಲಿ, ‘ಅಪಾಯದ ಕಾರಣ’ ಎಂಬಲ್ಲಿ ನರ್ಸ್ ಬರೆದದ್ದು: ಕಪ್ಪು ಜನಾಂಗ.

ಅವಳ ಮೊದಲ ಮಗು ಏಳನೇ ತಿಂಗಳಿಗೇ ಹುಟ್ಟಿ ಒಂಬತ್ತು ದಿನ ಬದುಕಿತ್ತು. ಅದಕ್ಕೂ ನಮ್ಮ ಚರ್ಮವೇ ಕಾರಣವಂತೆ.

“ಚರ್ಮ ಏನ್ ಮಾಡ್ತು?” ಎಂದೆ. “ನಮ್ಮ ಕಡೆ ಹೆರಿಗೆ ವಾರ್ಡ್ ಮುಚ್ಚಿದ್ರು. ಇಲ್ಲಿಗೆ ಬರೋಕೆ ಎರಡು ಬಸ್ಸು ಹತ್ತಬೇಕು. ಮನೆ ನಲ್ಲಿಗೆ ಇನ್ನೂ ಸೀಸದ ಪೈಪು, ಕುಡಿಯೋ ನೀರಲ್ಲೇ ವಿಷ. ಅದನ್ನ ಬರೀರಿ.”

“ಅದಕ್ಕೆಲ್ಲ ಇದ್ರಲ್ಲಿ ಜಾಗ ಇಲ್ಲಮ್ಮ,” ಎಂದಳು ನರ್ಸ್.

ಅಕ್ಕ ನನ್ನ ತೊಡೆ ಚಿವುಟಿದಳು. “ಶುರುವಾಯ್ತು ನಮ್ಮ ಕರಪತ್ರದಮ್ಮನ ಭಾಷಣ.” ನಾನು ಬೀದಿಯಲ್ಲಿ ಕರಪತ್ರ ಹಂಚುವುದು ಅವಳಿಗೆ ಯಾವಾಗಲೂ ತಮಾಷೆ.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಅವಳೇ ನರ್ಸ್ ಕಡೆ ಕೈ ಚಾಚಿದಳು. “ಆ ಪೆನ್ ಕೊಡಿ. ಹೊಟ್ಟೆ ನಂದು.”

ಎರಡೂ ಪದಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ನಮ್ಮ ಬೀದಿಯ ಹೆಸರು ಬರೆದಳು. ಸ್ವಲ್ಪ ಯೋಚಿಸಿ, ಎರಡು ಬಸ್ಸಿನ ನಂಬರನ್ನೂ ಬರೆದಳು.

ನರ್ಸ್ ಹೊಸ ಕಾಗದ ತೆಗೆದಳು. ತೆಗೆಯಲಿ. ಮುಂದಿನ ಮಂಗಳವಾರ ಅದನ್ನೂ ತಿದ್ದುತ್ತೇವೆ.

ಈಗ ಅಕ್ಕ ಪಕ್ಕದಲ್ಲೇ ಎಡಮಗ್ಗುಲಾಗಿ ಮಲಗಿದ್ದಾಳೆ. ಮಗು ಒದ್ದಾಗಲೆಲ್ಲ ನಿದ್ದೆಯಲ್ಲೇ ಅದನ್ನು ಬೈಯುತ್ತಾಳೆ. ಒದೆಯಲಿ. ಇನ್ನೂ ಹತ್ತು ವಾರ ಒಳಗೇ ಇದ್ದುಕೊಂಡು ಒದೆಯಲಿ, ಆಮೇಲೆ ಹೊರಗೆ ಬಂದು ನನ್ನನ್ನೂ ಒದೆಯಲಿ.