ಎಲ್ಲರಿಗೂ 98.4

ಮಾರ್ಚ್ 3, ಬೆಳಿಗ್ಗೆ 6.40

ಲಾಗಿನ್. ಮಾಸ್ಕ್, ಹೆಲ್ಮೆಟ್, ಸೆಲ್ಫಿ. ಟೆಂಪರೇಚರ್ ಎಷ್ಟು ಎಂದು ಆ್ಯಪ್ ಕೇಳಿತು. 98.4. ಎಲ್ಲರೂ ಒತ್ತುವುದು ಅದನ್ನೇ. ಕಂಪನಿ ಕೊಟ್ಟ ಥರ್ಮಾಮೀಟರಿನ ಪ್ಯಾಕೆಟ್ ಇನ್ನೂ ಒಡೆದಿಲ್ಲ.

ಸ್ಟ್ಯಾಂಡಿನಲ್ಲಿ ಉದ್ದಣ್ಣ ಮತ್ತೆ ಪುಸ್ತಕ ಹಿಡಿದು ನಿಂತಿದ್ದ. ಡೆಲಿವರಿಯವರ ಸಂಘ ಕಟ್ಟುತ್ತಾನಂತೆ. ನನಗೆ ಬೈಕ್ ಕಲಿಸಿದವನು, ಮುಖದ ಮೇಲೆ ಇಲ್ಲ ಎನ್ನಲಾಗದು.

"ಒಂದ್ ಸಹಿ ಹಾಕಮ್ಮ ತಂಗಿ."

"ಸಂಘ ಬೇಡಣ್ಣ. ಲಿಫ್ಟ್ ಇರೋ ಬಿಲ್ಡಿಂಗ್ ಕೊಡ್ಸು, ಸಾಕು."

ನಕ್ಕ. ನಗುತ್ತಲೇ ಕೆಮ್ಮಿದ. ಧೂಳಿರಬೇಕು. ಇಷ್ಟು ದಿನಕ್ಕೆ ಒಂಬತ್ತೇ ಸಹಿ.

ಮಾರ್ಚ್ 9

ಗೇಟಿನೊಳಗೆ ಬಿಡುತ್ತಿಲ್ಲ. ಮೇಲಿನಿಂದ ಹಗ್ಗ ಕಟ್ಟಿದ ಬಕೆಟ್ ಇಳಿಯುತ್ತದೆ, ಪಾರ್ಸೆಲ್ ಹಾಕಬೇಕು. ಮುಖವನ್ನೂ ತೋರಿಸುವುದಿಲ್ಲ ಮಹಾರಾಯರು. ನಮ್ಮ ಬೀದಿಯಲ್ಲಿ ಜ್ವರ ಬಂದ ಎರಡು ಮನೆಗಳ ಬಾಗಿಲಿಗೆ ಸೀಲ್.

ಉದ್ದಣ್ಣ ಜ್ವರ ಬಂದು ಮಲಗಿ ನಾಲ್ಕು ದಿನ. ಐದು ದಿನ ಲಾಗಿನ್ ಇಲ್ಲದಿದ್ದರೆ ಐಡಿ ಕಟ್. ಅತ್ತಿಗೆ, ಅವನ ಹೆಂಡತಿ, ಕಿಟಕಿಯಿಂದ ಅವನ ಫೋನನ್ನು ಚೀಲದಲ್ಲಿ ಇಳಿಸಿದಳು. "ಅವ್ರು ಬೇಡ ಅಂದ್ರು. ನೀನು ತಗೊಂಡ್ ಹೋಗು."

ನನ್ನ ಐಡಿ ಆಫ್, ಅವನದು ಆನ್. ಮಾಸ್ಕ್, ಹೆಲ್ಮೆಟ್ ಹಾಕಿದರೆ ಆ್ಯಪಿಗೆ ಎಲ್ಲರೂ ಒಂದೇ. ನಾವೆಲ್ಲ ಒಬ್ಬರಿಗೊಬ್ಬರು ಹೀಗೇ ಆಗುವುದು. ಇದೇ ಸಂಘವಲ್ಲವೇ, ಪುಸ್ತಕ ಯಾಕೆ?

ಮಾರ್ಚ್ 12

ಅವನ ಹೆಸರಿನಲ್ಲಿ ಇವತ್ತು ಇಪ್ಪತ್ತೆರಡು ಆರ್ಡರ್. ರೇಟಿಂಗ್ ಅವನು ಓಡಿಸುವಾಗ ಇದ್ದದ್ದಕ್ಕಿಂತ ಹೆಚ್ಚು! ಎದ್ದಮೇಲೆ ರೇಗಿಸಬೇಕು.

ಮಾರ್ಚ್ 13, ಮಧ್ಯಾಹ್ನ

ಅತ್ತಿಗೆಯ ಫೋನ್. ಉದ್ದಣ್ಣನಿಗೆ ಉಸಿರು ಸಿಗುತ್ತಿಲ್ಲ. ಆಸ್ಪತ್ರೆಗಳಲ್ಲಿ ಜಾಗವಿಲ್ಲ. ಕಾಯಿಲೆ ಬಿದ್ದ ಡೆಲಿವರಿಯವರಿಗೆಂದು ಕಂಪನಿ ಕಾದಿರಿಸಿದ ಬೆಡ್‌ಗಳಿವೆ, ಹೋಗಿ ಕೇಳಿದಳಂತೆ. ಆಫೀಸಿನವನು ಕಂಪ್ಯೂಟರ್ ನೋಡಿದನಂತೆ... "ನಿನ್ನೆ ಇಪ್ಪತ್ತೆರಡು ಆರ್ಡರ್ ಕೊಟ್ಟಿದಾರಲ್ಲಮ್ಮ. ಉಸಿರಾಡಕ್ಕೆ ಆಗ್ದೋರು ಹೇಗ್ ಕೊಟ್ರು?"

ನಾನು. ನಾನು ಮಾಡಿದ್ದು.

ಮಾರ್ಚ್ 14

ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಔಷಧಿ ಡೆಲಿವರಿಯ ಗುಂಗುರು ಕೂದಲಿನವಳು ಜೇಬಿನಿಂದ ಎರಡು ಫೋನ್ ತೆಗೆದಳು. "ಇದು ನಂದು. ಇದು ನಮ್ಮಕ್ಕಂದು. ಅವಳು ಮಲಗಿ ಆರು ದಿನ ಆಯ್ತು." ಆಮೇಲೆ ಒಬ್ಬೊಬ್ಬರ ಜೇಬಿನಿಂದಲೂ ಎರಡನೇ ಫೋನ್ ಹೊರಬಂತು.

ಉದ್ದಣ್ಣನ ಫೋನನ್ನು ಅತ್ತಿಗೆಗೆ ವಾಪಸ್ ಕೊಟ್ಟು ಅವನ ಪುಸ್ತಕ ತಂದಿದ್ದೆ. ಅದರಲ್ಲಿ ಈಗ ನಲವತ್ತಾರು ಸಹಿ. ಹತ್ತನೆಯದು ನನ್ನದು.

ನಾಳೆ ಹನ್ನೊಂದಕ್ಕೆ ಎಲ್ಲರೂ ಆಫೀಸಿಗೆ. ಆ ನಾಲ್ಕು ದಿನ ಓಡಿಸಿದ್ದು ನಾನು ಎಂದು ಹೇಳಬೇಕು. ನನ್ನ ಐಡಿ ಹೋಗುತ್ತದೆ. ಹೋಗಲಿ, ಅವನಿಗೆ ಬೆಡ್ ಸಿಗಲಿ. ಇವರಿಗೆ ಹೇಳಿಲ್ಲ. ಗಂಡನದೂ ಇದೇ ಕೆಲಸ, ಕೇಳಿದರೆ ಹಾರಾಡಿಬಿಡುತ್ತಾರೆ. ಹೆದರಿಕೆ. ಮೈಕೈ ನೋವು.

ಮಾರ್ಚ್ 15, ಬೆಳಿಗ್ಗೆ 10.35

ಈಗ ಎಚ್ಚರವಾಯಿತು. ಪ್ಯಾಕೆಟ್ ಒಡೆದೆ — 102.6. ಫೋನ್ ಇಲ್ಲ. ಲೋಟದ ಕೆಳಗೆ ಇವರ ಚೀಟಿ: "ಮೈ ಸುಡ್ತಿತ್ತು, ಎಬ್ಬಿಸ್ಲಿಲ್ಲ. ಎಷ್ಟ್ ದಿನ ಮಲಗ್ತೀಯೋ, ನಿನ್ ಐಡಿ ಹೋಗ್ಬಾರ್ದು ಅಂತ ಅದನ್ನೇ ಓಡಿಸ್ತಿದೀನಿ. ಟೆಂಪರೇಚರ್ 98.4 ಒತ್ತಿದೀನಿ. ಚಿಂತೆ ಬಿಡು."

ಎಷ್ಟು ಒಳ್ಳೆಯವರು. ಅಳು ಬರುತ್ತಿದೆ. ಆಫೀಸಿನವನು ಕಂಪ್ಯೂಟರ್ ನೋಡುತ್ತಾನೆ. ಸಾಕ್ಷಿ ಹೇಳಬೇಕಾದವಳು ಆರಾಮಾಗಿ ಆರ್ಡರ್ ಕೊಡುತ್ತಿದ್ದಾಳೆ. ಎಲ್ಲ ಸುಳ್ಳು ಎನ್ನಲು ಅವನಿಗೆ ಅಷ್ಟು ಸಾಕು.

10.50

ಬಾಗಿಲವರೆಗೆ ಹೋದೆ. ಹೊಸ್ತಿಲು ದಾಟಲಾಗದೆ ಅಲ್ಲೇ ಕುಳಿತೆ. ಕೂಗಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಈ ಹಾಳೆ ಹರಿದು ಬೀದಿಗೆ ಎಸೆಯುತ್ತೇನೆ. ಡೆಲಿವರಿಯವರು ಯಾರಾದರೂ ಈ ದಾರಿಯಲ್ಲಿ ಬಂದೇ ಬರುತ್ತಾರೆ.

ಆಫೀಸಿನವರಿಗೆ. ನಾನು ಈಗ ಮನೆಯಲ್ಲಿ ಮಲಗಿದ್ದೇನೆ. ರಸ್ತೆಯಲ್ಲಿರುವುದು ನಾನಲ್ಲ. ಮಾರ್ಚ್ ಒಂಬತ್ತರಿಂದ ಹನ್ನೆರಡರವರೆಗೆ ಉದ್ದಣ್ಣನೂ ಮನೆಯಲ್ಲೇ ಮಲಗಿದ್ದ. ರಸ್ತೆಯಲ್ಲಿದ್ದದ್ದು —