ಡಬ್ಬಿಯ ಮೇಲಿನ ಚೀಟಿ

ಮಾರ್ಚ್ ೧೪, ಗುರುವಾರ

ರೋಗಿಗಳ, ಆರೋಗ್ಯವಂತರ ಡಿಎನ್‌ಎ ಹೋಲಿಸಿದ ನಮ್ಮ ಪ್ರೊಫೆಸರರ ಆ ಜೀನ್ ಪ್ರಬಂಧವನ್ನು ಬೇರೆ ಸಂಶೋಧಕರು ನಾನೂರ ಹನ್ನೆರಡು ಕಡೆ ಉಲ್ಲೇಖಿಸಿದ್ದಾರಂತೆ. ಇವತ್ತು ಅದಕ್ಕೇ ಪ್ರಶಸ್ತಿ. ಮೂರು ವರ್ಷ ಪ್ರಯೋಗ ಮಾಡಿದವಳು ನಾನು. ಅಚ್ಚಿಗೆ ಹೋಗುವಾಗ ನನ್ನ ಹೆಸರು ಕಿತ್ತುಹಾಕಿ, "ನೀನು ಮಾಡಿದ್ದು ಬರೀ ಕೈಕೆಲಸ ಕಣಮ್ಮ, ತಲೆ ನಂದು" ಅಂದಿದ್ದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಲ್ಯಾಬಿನ ಹಳೆಯ ಫ್ರೀಜರ್ ಖಾಲಿ ಮಾಡುವಾಗ ಆ ಪ್ರಯೋಗದ ಟ್ಯೂಬುಗಳಿದ್ದ ಎರಡು ಡಬ್ಬಿಗಳು ಸಿಕ್ಕವು. ಒಂದರಲ್ಲಿ ಟ್ಯೂಬುಗಳ ಮುಚ್ಚಳದ ನಂಬರು ನೋಡಿದರೆ ಒಳಗಿರುವುದು ರೋಗಿಗಳ ಡಿಎನ್‌ಎ. ಡಬ್ಬಿಯ ಮೇಲೆ ಮಾತ್ರ "ಆರೋಗ್ಯವಂತರು" ಎಂಬ ಚೀಟಿ. ಪಕ್ಕದ ಡಬ್ಬಿಯಲ್ಲಿ ತಿರುಗಾಮುರುಗಾ. ಇಡೀ ಪ್ರಬಂಧವೇ ತಲೆಕೆಳಗು!

ಚೀಟಿಯ ಅಕ್ಷರ ನನ್ನದೇ. ಎರಡೆರಡು ಸಲ ಓದಿ ನೋಡಿದೆ. ಆಮೇಲೆ ನಗು ಬಂತು, ತಡೆಯಲಾಗದಷ್ಟು.

ಫೋಟೊ ಸಮೇತ, ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಬರೆದು ಕಳಿಸಿದ್ದೇನೆ. ತಪ್ಪು ಯಾರದೆಂದು ಅವರೇ ಹುಡುಕಲಿ. ಪ್ರಬಂಧದ ಮೇಲಿರುವುದು ಒಂದೇ ಹೆಸರು.